ಲೆಮ್ಯುಯೆಲ್‌ನ ಎಡಗಾಲು

ನಮ್ಮ ಬ್ರಾಂಕ್ಸ್‌ನ ಬೀದಿಯಲ್ಲಿ ಥ್ಯಾಡಿಯಸ್‌ನನ್ನು ಬಯ್ಯದವರಿರಲಿಲ್ಲ, ಅವನ ಕ್ಯಾಸೆಟ್ ಇಲ್ಲದ ಮನೆಯೂ ಇರಲಿಲ್ಲ. ಹಗಲು ಸಿಟಿ ಬಸ್ ಓಡಿಸುತ್ತಿದ್ದ. ಸಂಜೆ, ನನ್ನ ಜಡೆ ಹೆಣೆಯುವ ಅಂಗಡಿಯ ಮೇಲಿನ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್ ಇಟ್ಟುಕೊಂಡು ಮಿಕ್ಸ್‌ಟೇಪ್ ಮಾಡುತ್ತಿದ್ದ. ಒಬ್ಬನ ರ‍್ಯಾಪಿಗೆ ಇನ್ನೊಬ್ಬನ ತಾಳ, ಪೋರ್ಟೊರಿಕೊದವರ ತುತ್ತೂರಿಗೆ ನಮ್ಮ ಚರ್ಚಿನ ಚಪ್ಪಾಳೆ. ಎಣ್ಣೆ ಸೀಗೆಕಾಯಿಯಂಥ ಹಾಡುಗಳೂ ಅವನ ಕೈಗೆ ಬಂದರೆ ಬೀಗರಾಗುತ್ತಿದ್ದವು. ಟೇಪಿನ ನಡುನಡುವೆ ಬೀದಿಯವರ ಹೆಸರು ಕೂಗುವುದು ಅವನ ರೂಢಿ. ಒಮ್ಮೆ ನನ್ನ ಹೆಸರು ಬಿಟ್ಟಿದ್ದಕ್ಕೆ ನಾನು ಎಷ್ಟೋ ದಿನ ಅವನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

ಈ ಡಿಜೆಗಳದ್ದೆಲ್ಲ ಒಂದು ಕಳ್ಳಬುದ್ಧಿ. ತಾಳ ಎಲ್ಲಿಂದ ಎತ್ತಿದ್ದು ಎಂದು ಇನ್ನೊಬ್ಬನಿಗೆ ಗೊತ್ತಾಗಬಾರದೆಂದು ರೆಕಾರ್ಡನ್ನು ಬಿಸಿನೀರಿನಲ್ಲಿ ನೆನೆಸಿ, ನಡುವೆ ಹೆಸರು ಬರೆದ ಕಾಗದವನ್ನೇ ಕಿತ್ತುಬಿಡುತ್ತಿದ್ದರು. ಥ್ಯಾಡಿಯಸ್‌ಗೆ ಅದು ಹುಚ್ಚೇ ಆಗಿತ್ತು. ಅವನ ಸ್ನಾನದ ತೊಟ್ಟಿಯಲ್ಲಿ ಅವನು ಮಿಂದದ್ದಕ್ಕಿಂತ ರೆಕಾರ್ಡುಗಳು ಮಿಂದದ್ದೇ ಹೆಚ್ಚು.

ತೊಂಬತ್ತಮೂರರ ಬೇಸಿಗೆಯಲ್ಲಿ ಅವನ ಒಂದು ಟೇಪು ಬೀದಿಯನ್ನೇ ಹಿಡಿದುಬಿಟ್ಟಿತು. ಧಪ್-ಟಕ್, ಧಪ್-ಟಕ್. ಯಾವ ಕಾರು ಹೋದರೂ ಅದೇ. ಎದುರು ಮನೆಯ ಮದರ್ ಒಡೆಸ್ಸಾ ಒಬ್ಬರಿಗೆ ಮಾತ್ರ ಅದನ್ನು ಕಂಡರಾಗದು. ಚರ್ಚಿನ ಹಿರಿಯಮ್ಮ, ಅದಕ್ಕೇ ಎಲ್ಲರಿಗೂ ಮದರ್; ಮೈಯೆಲ್ಲ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ. ಆ ಸೆಕೆಯಲ್ಲೂ ಕಿಟಕಿ ಬಿಗಿಯಾಗಿ ಮುಚ್ಚಿ, ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು.

"ವರ್ನೀಸ್, ಆ ಧಪ್-ಟಕ್ ಕೇಳಿ ಕೇಳಿ ನನ್ನ ಹಲ್ಲಿನ ಸೆಟ್ಟೇ ಅಲ್ಲಾಡ್ತಿದೆ ಕಣೆ. ಆ ಥ್ಯಾಡಿಯಸ್‌ಗೆ ದೇವರ ಭಯ ಬೇಡ್ವಾ?"

ಆಗಸ್ಟ್‌ನಲ್ಲಿ ಒಂದು ದಿನ ಬಂದವರು ಬಯ್ಯಲಿಲ್ಲ. ನನಗೆ ಅದೇ ಗಾಬರಿಯಾಯಿತು. ಬರುವ ಭಾನುವಾರ ಚರ್ಚಿನಲ್ಲಿ ಅವರ ತೀರಿಹೋದ ಗಂಡ ಲೆಮ್ಯುಯೆಲ್‌ನ ನೆನಪಿಗೆ ಹಾಡಿನ ಕೂಟ. ಲೆಮ್ಯುಯೆಲ್ ಪ್ರಾಯದಲ್ಲಿ ಒಂದೇ ಒಂದು ದೇವರ ಹಾಡಿನ ರೆಕಾರ್ಡು ಮಾಡಿದ್ದ, ಅವನ ದನಿ ಉಳಿದಿದ್ದು ಅದರಲ್ಲಷ್ಟೇ. ಈಗ ಅದು ಕಪಾಟಿನಲ್ಲಿಲ್ಲ. ಹೋದ ವರ್ಷ ಮನೆ ಒಪ್ಪ ಮಾಡುವಾಗ ತಾವೇ ಥ್ಯಾಡಿಯಸ್‌ಗೆ ಕೊಟ್ಟ ಹಳೇ ರೆಕಾರ್ಡುಗಳ ಡಬ್ಬದಲ್ಲಿ ಸೇರಿಹೋಗಿರಬೇಕು, ಎಂದರು.

ಇಬ್ಬರೂ ಮಹಡಿ ಹತ್ತಿದೆವು.

"ನೀಲಿ ಕಾಗದ, ಬೆಳ್ಳಿ ಅಕ್ಷರದಲ್ಲಿ ಲೆಮ್ಯುಯೆಲ್ ಪ್ರೂಯಿಟ್ ಅಂತ ಇರುತ್ತೆ. ಹುಡುಕಿ ಕೊಡಪ್ಪ," ಎಂದರು ಮದರ್.

ಥ್ಯಾಡಿಯಸ್‌ನ ಮುಖ ಸಪ್ಪಗಾಯಿತು. ಆ ಡಬ್ಬದ ಹೆಸರುಗಳೆಲ್ಲ ಎಂದೋ ತೊಟ್ಟಿಯ ನೀರಿನ ಜೊತೆ ಚರಂಡಿ ಸೇರಿದ್ದವು.

"ಒಂದೊಂದೇ ಹಾಕ್ತೀನಿ, ಮದರ್. ದನಿ ಸಿಕ್ಕಿದ ಕೂಡ್ಲೆ ಹೇಳಿ."

ಮದರ್ ಕುರ್ಚಿಯ ತುದಿಯಲ್ಲಿ ಕುಳಿತರು. ಹೆಂಗಸರ ಮೇಳ, ಯಾರೋ ಪಾದ್ರಿಯ ಪ್ರವಚನ, ಮತ್ತೆ ಮೇಳ. ಪ್ರತಿ ಸಲವೂ ಅವರು ತಲೆಯಾಡಿಸಿ ಅಲ್ಲ ಎಂದರು. ಡಬ್ಬ ಖಾಲಿಯಾಯಿತು. ಅವರು ಚೀಲ ಹಿಡಿದು ಎದ್ದರು. ಆ ಕ್ಷಣ ಅವರು ತೀರಾ ಮುದುಕಿಯಂತೆ ಕಂಡರು.

ಆದರೆ ಥ್ಯಾಡಿಯಸ್ ಒಂದು ರೆಕಾರ್ಡನ್ನು ಮೆಲ್ಲಗೆ ಬ್ರೆಡ್ಡಿನ ಡಬ್ಬಿಯ ಹಿಂದೆ ಸರಿಸಿದ್ದನ್ನು ನಾನು ನೋಡಿದ್ದೆ.

"ಅದ್ಯಾಕೋ ಬಚ್ಚಿಟ್ಟೆ?"

"ಸುಮ್ನಿರೇ ವರ್ನೀಸ್," ಪಿಸುಗುಟ್ಟಿದ. "ಧಪ್-ಟಕ್ ಎತ್ತಿದ್ದು ಅದ್ರಿಂದ್ಲೇ. ಇವರಿಗೆ ಕೇಳಿಸಿದ್ರೆ ನನ್ನ ಚರ್ಮ ಸುಲೀತಾರೆ."

"ಆಮೇಲೆ ಸುಲಿಸ್ಕೊಳ್ಳುವಂತೆ. ಹಾಕು ಮೊದ್ಲು."

ಹಾಕಿದ. ಕಾರುಗಳಲ್ಲಿ ಓಡುತ್ತಿದ್ದ ಸದ್ದು ಇಲ್ಲಿ ನಿಧಾನವಾಗಿ ನಡೆಯುತ್ತಿತ್ತು. ಧಪ್... ಟಕ್. ಧಪ್... ಟಕ್. ಹಾಡು ಇನ್ನೂ ಶುರುವಾಗಿರಲಿಲ್ಲ, ಮದರ್ ಕೈಯಿಂದ ಚೀಲ ಬಿತ್ತು.

"ಅದು ಅವನ ಎಡಗಾಲು," ಎಂದರು. "ಲೆಮ್ಯುಯೆಲ್‌ಗೆ ಎಡಗಾಲು ಗಿಡ್ಡ ಕಣೇ. ಆ ಶೂಗೆ ದಪ್ಪ ಮರದ ಅಟ್ಟೆ ಹಾಕಿಸ್ಕೊಂಡಿದ್ದ. ಎರಡು ಕಾಲಲ್ಲೂ ತಾಳ ಹಾಕ್ಕೊಂಡೇ ಹಾಡ್ತಿದ್ದ."

ಆಮೇಲೆ ಗಂಡಸಿನ ದನಿ ಬಂತು, ದಪ್ಪಗೆ, ಬೆಚ್ಚಗೆ. ಥ್ಯಾಡಿಯಸ್ ಯಾವತ್ತೂ ಅಲ್ಲಿಯವರೆಗೆ ಕಾದವನಲ್ಲ, ತಾಳ ಕತ್ತರಿಸಿಕೊಂಡು ರೆಕಾರ್ಡಿನ ಮೇಲಿನ ಮುಳ್ಳು ಎತ್ತಿಬಿಡುತ್ತಿದ್ದ. ಹಾಡು ಮುಗಿಯುವವರೆಗೆ ಮೂವರೂ ಅತ್ತೆವು, ಅದರಲ್ಲಿ ಮುಚ್ಚುಮರೆ ಏನು.

"ಬೇಸಿಗೆಯೆಲ್ಲಾ ಬೈದಿದ್ದು ನಮ್ಮನೆಯವನನ್ನೇ ಆಯ್ತಲ್ಲ," ಎಂದು ಮದರ್ ಕಣ್ಣೊರೆಸಿಕೊಂಡು ನಕ್ಕರು.

"ಅವರ ಹೆಸರನ್ನ ನಾನೇ ತೊಳೆದುಹಾಕ್ಬಿಟ್ಟೆ, ಮದರ್."

"ತೊಳೆದೋನೇ ವಾಪಸ್ ಹಾಕು."

"ಆ ಕಾಗದ ಎಲ್ಲಿಂದ ತರ್ಲಿ?"

"ಕಾಗದ ಯಾರಿಗೆ ಬೇಕು? ಬೀದಿ ಪೋಲಿಗಳ ಹೆಸರೆಲ್ಲಾ ಕೂಗ್ತೀಯ, ಇದಕ್ಕೆ ಬಾಯಿ ಬರಲ್ವಾ?"

ಭಾನುವಾರ ಚರ್ಚಿನಲ್ಲಿ ಲೆಮ್ಯುಯೆಲ್ ಹಾಡಿದ. ಹ್ಯಾಟು ಹಾಕಿದ ಅಜ್ಜಿಯರೆಲ್ಲ ಅವನ ಜೊತೆ ನೆಲ ಕುಟ್ಟಿದರು. ಬಸ್ಸಿನ ಸಮವಸ್ತ್ರದಲ್ಲೇ ಬಂದಿದ್ದ ಥ್ಯಾಡಿಯಸ್ ಹಿಂದಿನ ಸಾಲಿನಲ್ಲಿ ಕೂತು, ಅದನ್ನೂ ರೆಕಾರ್ಡ್ ಮಾಡಿಕೊಂಡ. ಅವನ ಬುದ್ಧಿ ಎಲ್ಲಿಗೆ ಹೋಗುತ್ತದೆ.

ಮುಂದಿನ ವಾರ ಹೊಸ ಟೇಪು ಬೀದಿಗೆ ಬಂತು. ನಾನು ಯಾರದೋ ಜಡೆ ಹಿಡಿದಿದ್ದೆ. ಮೂಲೆಯಲ್ಲಿ ಕಾರೊಂದು ನಿಂತಿತ್ತು, ಧಪ್-ಟಕ್, ಮೇಲೆ ಥ್ಯಾಡಿಯಸ್‌ನ ಗಂಟಲು: "ಎಡಗಾಲಿನ ತಾಳ, ಲೆಮ್ಯುಯೆಲ್ ಪ್ರೂಯಿಟ್!"

ಮದರ್ ಒಡೆಸ್ಸಾ ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಬಂದರು.

"ವರ್ನೀಸ್, ಬೇಗ ಬಾರೇ. ಬೇಸಿಗೆಯೆಲ್ಲಾ ಮುಚ್ಚಿದ್ದ ಕಿಟಕಿ ಕಚ್ಕೊಂಡ್ಬಿಟ್ಟಿದೆ, ಒಬ್ಬಳ ಕೈಲಿ ತೆಗೆಯಕ್ಕಾಗ್ತಿಲ್ಲ."