ಕರೆಂಟ್ ಬರುವ ಮೊದಲು

ನವಲಗುಂದದ ಕಡೆಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಅಂದು ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಪ್ರಯೋಗಾಲಯದ ಕಬ್ಬಿಣದ ಕಪಾಟು ತೆರೆದೆ; ಉಗುರುಬಣ್ಣ ಅಳಿಸುವಾಗ ಬರುವಂಥ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಮೇಲಿನ ಹಲಗೆ ಜಗ್ಗಿ, ಅಸಿಟೋನ್ ಬಾಟಲಿ ಕೆಳಗುರುಳಿ ಒಡೆದಿತ್ತು. ಚೆಲ್ಲಿದ್ದು ಕಪಾಟಿನ ತಳದಿಂದ ನೆಲಕ್ಕೂ ಇಳಿಯುತ್ತಿತ್ತು. ಹಲಗೆ ಬದಲಿಸಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಆದರೆ ಸಿಟ್ಟಾಗುವ ಹೊತ್ತು ಅದಲ್ಲ. ಅಸಿಟೋನಿನ ಆವಿಗೆ ಒಂದು ಕಿಡಿ ಸಾಕು.

ಹುಡುಗರನ್ನು ಬೇವಿನ ಮರದ ಕೆಳಗೆ ಕಳಿಸಿದೆ. ಯಮನೂರಿನಿಂದ ಬರುವ ನಮ್ಮ ಅಟೆಂಡರ್ ಕಾಕಾ ಕಿಟಕಿಗಳನ್ನು ತೆರೆಯತೊಡಗಿದರು. ಮರಳಿನ ಬಕೆಟ್ ತರಲು ತಿರುಗಿದವಳು ಮೇಲೆ ನೋಡಿದೆ. ಫ್ಯಾನು ನಿಂತಿತ್ತು, ಅದರ ಸ್ವಿಚ್ ಮಾತ್ರ ಹಾಕಿದಂತೆಯೇ ಇತ್ತು.

ನಮ್ಮಲ್ಲಿ ಕರೆಂಟ್ ಹೋದರೆ ಸ್ವಿಚ್ ಆರಿಸುವವರು ಯಾರು? ಫ್ಯಾನು ತಾನಾಗಿ ತಿರುಗಿದರೇ ಕರೆಂಟ್ ಬಂದ ಸುದ್ದಿ. ಆ ಫ್ಯಾನಿನ ರೆಗ್ಯುಲೇಟರ್ ಪ್ರತಿ ಸಲ ಚಟಚಟ ಕಿಡಿ ಕಾರಿಯೇ ಶುರುವಾಗುತ್ತಿತ್ತು; ನಾವು ಅದನ್ನು ಕಂಡು ನಗುತ್ತಿದ್ದೆವು. ಸ್ವಿಚ್ಚಿನತ್ತ ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಆರಿಸುವ ಕ್ಷಣಕ್ಕೇ ಕರೆಂಟ್ ಬಂದರೆ? ಮೇನ್ ಸ್ವಿಚ್ ಹೊರಗೆ ಪಡಸಾಲೆಯ ಆ ತುದಿಯಲ್ಲಿತ್ತು.

“ಕಾಕಾ, ಹೊರಗ ಬರ್ರಿ.”

“ಇದೊಂದು ಕಿಡಕಿ ಬಿಗದೈತ್ರಿ, ತಗದ ಬರ್ತೇನಿ.”

“ಕಿಡಕಿ ಹಾಳಾಗ್ಲಿ. ಈಗ ಕರೆಂಟ ಬಂದ್ರ ನೀವು ಉಳಿಯಂಗಿಲ್ಲ, ಬರ್ರಿ.”

ಹಿರಿಯರಾದ ಅವರ ಮೇಲೆ ನಾನು ದನಿ ಏರಿಸಿದ್ದು ಅದೇ ಮೊದಲು. ಅವರು ಬಂದರೋ ಇಲ್ಲವೋ ನೋಡದೆ ಓಡಿದೆ. ಮೇನಿನ ಹಿಡಿಕೆ ತುಕ್ಕು ಹಿಡಿದು ಕೂತಿತ್ತು. ಜೋತುಬಿದ್ದು ಎಳೆದೆ, ಕೆಳಗಿಳಿಯಿತು. ತಿರುಗಿ ನೋಡಿದರೆ ಕಾಕಾ ಬಾಗಿಲ ಹೊರಗೆ ನಿಂತಿದ್ದರು.

ವಾಸನೆ ಇಳಿಯುವವರೆಗೆ ಹೊರಗೇ ಕಾದೆವು. ಆಮೇಲೆ ಕೈಗವಸು, ಕನ್ನಡಕ ಹಾಕಿಕೊಂಡು ಒಳಹೋಗಿ, ಚೆಲ್ಲಿದ್ದರ ಸುತ್ತ ಒಣ ಮರಳಿನ ಕಟ್ಟೆ ಕಟ್ಟಿ ಒಳಮುಖವಾಗಿ ಮುಚ್ಚುತ್ತ ಬಂದೆವು. ಬಕೆಟ್ಟಿನ ಮರಳಲ್ಲಿ ಗುಟ್ಕಾ ಚೀಟಿಗಳೂ ಇದ್ದವು, ಯಾರವೆಂದು ಆಗ ಕೇಳಲಿಲ್ಲ. ಹೀರಿಕೊಂಡ ಮರಳನ್ನು ರಟ್ಟಿನಿಂದ ಬಳಿದು ಡಬ್ಬಿಗೆ ತುಂಬುತ್ತಿದ್ದಾಗ ರಸ್ತೆಯಾಚೆಯ ಹಿಟ್ಟಿನ ಗಿರಣಿ ಸದ್ದು ಮಾಡತೊಡಗಿತು. ಇಬ್ಬರೂ ತಲೆಯೆತ್ತಿದೆವು. ಫ್ಯಾನು ಅಲುಗಲಿಲ್ಲ.

ಪ್ರಾಚಾರ್ಯರು ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತ ಬಂದು, ಊರಿಗೆಲ್ಲ ಕರೆಂಟ್ ಬಂದರೂ ನಮಗಷ್ಟೇ ಏಕಿಲ್ಲ ಎಂದು ಗೊಣಗಿದರು.  ನಾನು ಕೊನೆಯ ಮರಳನ್ನು ಡಬ್ಬಿಗೆ ಸುರಿದೆ.

ಕಾಕಾ ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದರು: “ಇವತ್ತೊಂದಿನ ತಡಕೋರಿ ಸರ. ಸೆಕಿ ಅನ್ನಾಕ ನಾವೆಲ್ಲಾ ಜೀವಂತ ಇದ್ದೇವಲ್ರಿ, ಸಾಕು.”