ಮಣ್ಣಿನ ಕೋರ್ಟಿನಲ್ಲಿ ಆಡಿನ ಖಟ್ಲೆ

ಅಂದು ಸೋಮವಾರ. ಎಂದಿನಂತೆ ಎದ್ದು ನೀರುದೋಸೆ ಹೊಯ್ದೆ, ಇವರ ಅಂಗಿಗೆ ಇಸ್ತ್ರಿ ಹಾಕಿದೆ, ಕಿಟಕಿ ಸಂದಿನ ಧೂಳು ಒರೆಸಿದೆ. ಇವರು ಮಾತ್ರ ಒಂದೇ ದೋಸೆಗೆ ಕೈ ತೊಳೆದರು. ನಾವಿರುವ ಸೌದಿಯ ಖಮೀಸ್ ಮುಶೈತ್‌ನಿಂದಾಚೆ, ಗುಡ್ಡದ ಮೇಲಿನ ಸಣ್ಣ ಊರಿನಲ್ಲಿ ಇವರ ಕಾರು ಆಡೊಂದಕ್ಕೆ ತಗುಲಿ ಅದರ ಕಾಲು ಉಳುಕಿತ್ತು. ಆಡಿನ ಒಡತಿ ಅಜ್ಜಿ ಕೋರ್ಟಿಗೆ ಹೋಗಿದ್ದರು; ಅಂದೇ ವಿಚಾರಣೆ. ಖಟ್ಲೆ ಮುಗಿಯದೆ ದೇಶ ಬಿಡುವಂತಿಲ್ಲ. ಮುಂದಿನ ವಾರ ಮಂಗಳೂರಿನಲ್ಲಿ ನನ್ನ ತಂಗಿಯ ಮದುವೆ.

ಕೋರ್ಟು ಅಜ್ಜಂದಿರ ಕಾಲದ ಮಣ್ಣಿನ ಕಟ್ಟಡ. ಮಳೆಗೆ ಗೋಡೆ ಕರಗದಂತೆ ಸಾಲುಸಾಲಾಗಿ ಚಪ್ಪಟೆ ಕಲ್ಲುಗಳನ್ನು ಹೊರಚಾಚಿ ಕೂರಿಸಿದ್ದರು. ಒಳಗೋಡೆಯ ತುಂಬ ಕೆಂಪು, ಹಳದಿ, ಹಸಿರು ತ್ರಿಕೋನಗಳು. ಕೋರ್ಟಿಗೆ ಇಷ್ಟು ಚಂದ ಯಾಕಪ್ಪಾ ಅನಿಸಿತು. ಅಂಗಳದಲ್ಲಿ ಆಡು, ಪಟ್ಟಿ ಸುತ್ತಿದ ಕಾಲು ಚಾಚಿಕೊಂಡು, ಸಾಕ್ಷಿ ಹೇಳಲು ಬಂದ ದೊಡ್ಡ ಮನುಷ್ಯನ ಹಾಗೆ ಕೂತಿತ್ತು.

ಇವರು ನ್ಯಾಯಾಧೀಶರ ಎದುರು ಹೋದರು. ಹೆಂಗಸರ ಕೋಣೆ ಪಕ್ಕದ್ದು, ನಡುವೆ ಪರದೆ. ಅಲ್ಲಿದ್ದದ್ದು ಆ ಅಜ್ಜಿ ಒಬ್ಬರೇ, ಮಡಿಲಲ್ಲೊಂದು ಫ್ಲಾಸ್ಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಪುಟ್ಟ ಬಟ್ಟಲಿಗೆ ಏಲಕ್ಕಿ ಕಾಫಿ ಸುರಿದು ಕೊಟ್ಟರು. ಕೊಟ್ಟದ್ದನ್ನು ಬೇಡ ಎನ್ನಬಾರದು, ತಳದಲ್ಲಿ ಉಳಿಸಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಕುಡಿದು, ಎರಡೂ ಕೈಯಲ್ಲಿ ಬಟ್ಟಲು ಮುಂದೆ ಚಾಚಿ "ಶುಕ್ರಾನ್" ಎಂದು ಅರಬಿಯಲ್ಲೇ ಧನ್ಯವಾದ ಹೇಳಿದೆ. ಮತ್ತೆ ಸುರಿದರು. ಕುಡಿದೆ. ಮತ್ತೆ ಸುರಿದರು. ಎದೆ ಡವಡವ ಎನ್ನತೊಡಗಿತು, ತಲೆ ಹಗುರವಾಯಿತು, ಸುಮ್ಮಸುಮ್ಮನೆ ನಗು ಬಂತು. ತಡೆದಷ್ಟೂ ಉಕ್ಕಿತು. ಅಜ್ಜಿಯೂ ನನ್ನ ತೊಡೆಗೆ ಹೊಡೆದು ಹೊಡೆದು ನಕ್ಕರು.

"ಎಂತ ಮಾರಾಯ್ತಿ ಅದು, ಸ್ವಲ್ಪ ಸುಮ್ಮನಿರು!" ಪರದೆಯಾಚೆಯಿಂದ ಇವರು ಪಿಸುದನಿಯಲ್ಲಿ ಗದರಿದರು.

ಕೊನೆಗೆ ಫ್ಲಾಸ್ಕು ಬರಿದಾಯಿತು. ಅಜ್ಜಿ ಅದನ್ನು ಬೋರಲು ಹಾಕಿ ತೋರಿಸಿ, ಪರದೆಯ ಕಡೆ ತಿರುಗಿ ಅರಬಿಯಲ್ಲಿ ಏನೋ ಕೂಗಿದರು. ಆಚೆ ಗಂಡಸರೆಲ್ಲ ಗೊಳ್ಳೆಂದರು. ಠಪ್ಪೆಂದು ಮುದ್ರೆ ಬಿದ್ದ ಸದ್ದು ಕೇಳಿತು.

ಕಾರು ಹತ್ತಿದ ಮೇಲೆ ಕೇಳಿದೆ, "ಅಜ್ಜಿ ಎಂತ ಹೇಳಿದ್ದು?"

"ನನ್ನ ಕಾಫಿಯನ್ನು ಇಷ್ಟು ಪ್ರೀತಿಯಲ್ಲಿ ಕುಡಿದವಳು ನನ್ನ ಅತಿಥಿ, ಅವಳ ಗಂಡನ ಮೇಲೆ ಎಂತ ಖಟ್ಲೆ, ಬಿಟ್ಟುಬಿಡಿ ಅಂತ."

ದಾರಿಯುದ್ದಕ್ಕೂ ನಕ್ಕೆವು. ಒಂದು ತಿರುವಿನಲ್ಲಿ ಕಾರನ್ನೇ ನಿಲ್ಲಿಸಿ ನಕ್ಕೆವು.

ಸಂಜೆ ಪಕ್ಕದ ಮನೆಯ ಉಡುಪಿಯ ಅಕ್ಕನಿಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅವರು ಒಣಗಿದ ಬಟ್ಟೆ ಮಡಚುತ್ತಲೇ ಹೇಳಿದರು:

"ಸಾಕಾದ್ರೆ ಬಟ್ಟಲು ಚೂರು ಅಲ್ಲಾಡಿಸಿ ಕೊಡ್ಬೇಕು ಮಾರಾಯ್ತಿ, ಇಲ್ಲದಿದ್ರೆ ಹಾಕ್ತಲೇ ಇರ್ತಾರೆ. ನಿಂಗೆ ಗೊತ್ತಿಲ್ಲದ್ದು ಒಳ್ಳೇದೇ ಆಯ್ತು ಬಿಡು. ಮದುವೆ ಮುಗಿಸಿ ಬರುವಾಗ ನಂಗೆ ಸ್ವಲ್ಪ ಕುಚ್ಚಲಕ್ಕಿ ತಾ."