ಏರಿಯ ಮೇಲೆ ಗಾಡಿ ಹಿಡಿದ ತಾಯಿ

ಕೆರೆಯಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೋದ ಕಾರ್ತಿಕದಲ್ಲಿ ನನ್ನ ಮೊಮ್ಮಗಳು ನೀರುಪಾಲಾಗಬೇಕಿತ್ತು. ಆಗಲಿಲ್ಲ.

ಮಗಳು ಸವಿತಾಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಕೆರೆಯಮ್ಮನಿಗೆ ನಾನು ಹೊರದ ಹರಕೆಯಿಲ್ಲ. ಕೊನೆಗೆ ಹಾಸನದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತೂಕ ಸಾಲದೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪುರುಡು ಕಳೆದ ಮೇಲೆಯೇ ಮನೆಗೆ ಕಳಿಸಿದರು. ಕರೆತರಲು ನಮ್ಮ ಯಜಮಾನರು ತರಕಾರಿ ಸಾಗಿಸುವ ನಮ್ಮ ಪಿಕಪ್ಪನ್ನೇ ತೊಳೆದು, ಸೀಟಿಗೆ ಕಂಬಳಿ ಹಾಸಿ ತಂದರು. ಬ್ರೇಕ್ ಎಣ್ಣೆ ಕಡಿಮೆಯಿತ್ತೆಂದು ಅದನ್ನೂ ತುಂಬಿಸಿದ್ದರಂತೆ.

ಹೊಳೆನರಸೀಪುರ ದಾಟಿದ ಮೇಲೆ ಗಾಡಿ ಯಾಕೋ ಬಿಗಿಯಾಗಿ ಓಡುತ್ತಿತ್ತು. ಸುಟ್ಟ ವಾಸನೆ ಬೇರೆ.

"ಏನ್ ನಾತ ಇದು?" ಅಂದೆ.

"ಕಬ್ಬಿನ ತರಗು ಸುಡ್ತಾವ್ರೆ, ಸುಮ್ಕಿರು" ಅಂದರು.

ಹಳ್ಳಿಮೈಸೂರಿನ ಆಚೆಗೆ ನಮ್ಮೂರು. ಹಸುಗೂಸು ಮೊದಲ ಸಲ ಊರಿಗೆ ಬರುವಾಗ, ಕೆರೆ ಏರಿಯ ಮೇಲಿನ ಕೆರೆಯಮ್ಮನಿಗೆ ತೋರಿಸಿ, ಗುಡಿಯ ಮಣ್ಣನ್ನು ಹಣೆಗೆ ಹಚ್ಚದೆ ನಾವು ಮುಂದೆ ಹೋಗುವುದಿಲ್ಲ. ಯಜಮಾನರು "ಬಿಸ್ಲು ಕಣೆ, ನಾಳೆ ಬಂದ್ರಾಯ್ತು" ಅಂದರು. ನನಗೆ ರೇಗಿತು.

"ಕೊಟ್ಟೋಳ್ಗೇ ಮಕ ತೋರುಸ್ದೆ ಓಗಾಕಾಯ್ತದಾ? ನಿಲ್ಸಿ ಮೊದ್ಲು!"

ನಿಲ್ಲಿಸಿದರು. ಮಣ್ಣು ಹಚ್ಚಿ, "ಈ ಕೂಸ್ನ ಕಾಪಾಡವ್ವ" ಎಂದು ಬೇಡಿ ಹತ್ತಿದೆವು. ಗಾಡಿ ಅಲುಗಲಿಲ್ಲ. ಇಂಜಿನ್ ಅಬ್ಬರಿಸುತ್ತದೆ, ಚಕ್ರ ಉರುಳುವುದಿಲ್ಲ. ಮಗು ಅಳಲು ಶುರುಮಾಡಿತು, ಸವಿತಾ ಸೋತು ಸುಣ್ಣವಾಗಿದ್ದಳು. ನಾನು ಮೊದಲು ಬೇಡಿದೆ, ಆಮೇಲೆ ಬೈದೇಬಿಟ್ಟೆ: "ಅಲ್ಲಾ ಕಣವ್ವ, ಕೊಟ್ಟಂಗೆ ಕೊಟ್ಟು ಇಂಗೆ ಬಿಸ್ಲಲ್ಲಿ ಸಾಯುಸ್ತೀಯಾ? ಬಿಡು ಗಾಡಿಯ!" ಊಹೂಂ.

ಫೋನ್ ಮಾಡಿದ್ದಕ್ಕೆ ಹಳ್ಳಿಮೈಸೂರಿನಿಂದ ಮೆಕ್ಯಾನಿಕ್ ರಂಗಸ್ವಾಮಿ ಬೈಕಿನಲ್ಲಿ ಬಂದ. ಚಕ್ರ ಮುಟ್ಟಿ ಚಟ್ಟನೆ ಕೈ ತೆಗೆದ. ಬ್ರೇಕ್ ಎಣ್ಣೆಯ ಮುಚ್ಚಳ ಬಿಚ್ಚಿ ಮೂಸಿದ.

"ಅಣ್ಣೋ, ಯಾವ್ ಎಣ್ಣೆ ಉಯ್ದೆ?"

"ಟ್ರ್ಯಾಕ್ಟರ್ ಬ್ರೇಕ್‌ದು. ಮನೇಲಿತ್ತು. ಎಲ್ಲಾ ಒಂದೇ ಅಲ್ವಾ?"

"ಎಲ್ಲಿ ಒಂದೇ? ಅದು ಇದ್ರ ರಬ್ಬರ್‌ಗೆ ಆಗಕಿಲ್ಲ ಕಣಣ್ಣ. ಊದ್ಕಂಡು ಬ್ರೇಕ್ ಕಚ್ಕಂಡದೆ. ಇನ್ ವಸಿ ದೂರ ಓಗಿದ್ರೆ ಕಾವ್ಗೆ ಎಣ್ಣೆ ಕುದ್ದು, ತುಳುದ್ರೂ ಬ್ರೇಕ್ ಇಡೀತಿರ್ಲಿಲ್ಲ. ಮುಂದೆ ಇಳಿಜಾರು, ತಿರುವು, ಪಕ್ದಲ್ಲೇ ಕೆರೆ..."

ನಾನು ಸವಿತಾಳ ತೊಡೆಯಿಂದ ಮಗುವನ್ನು ಎತ್ತಿಕೊಂಡೆ.

ಆಮೇಲೆ ಅವನು ಬ್ರೇಕ್ ಸಡಿಲಿಸಿ, ಟ್ರ್ಯಾಕ್ಟರ್ ತರಿಸಿ ಗಾಡಿ ಎಳೆಸಿಕೊಂಡು ಹೋಗಿ, ಎಲ್ಲ ರಬ್ಬರ್ ಬದಲಿಸಿ, ಪೈಪು ತೊಳೆದು, ಮುಚ್ಚಳದ ಮೇಲೆ ಬರೆದಿದ್ದ 'ಡಾಟ್ ಮೂರು' ಎಂಬ ಬ್ರೇಕ್ ಎಣ್ಣೆಯನ್ನೇ ಸೀಲು ಒಡೆಯದ ಡಬ್ಬಿಯಿಂದ ಹೊಯ್ದ. ತಾಯಿ ಕಾಯುತ್ತಾಳೆಂದು ಕೈಗೆ ಸಿಕ್ಕ ಎಣ್ಣೆ ಹೊಯ್ಯಬೇಡಿ, ಮಾರಾಯರೇ.

ಅಂದು ಮಾತ್ರ ಮಗುವನ್ನು ಎದೆಗೆ ಅವಚಿಕೊಂಡು ಆ ಇಳಿಜಾರನ್ನು ನಡೆದೇ ಇಳಿದೆವು. ತುಂಬಿದ ಕೆರೆ, ತಡೆಗೋಡೆಯಿಲ್ಲದ ತಿರುವು. ಅಲ್ಲಿಗೆ ಬಂದಾಗ, ದೇವರೆಂದರೆ ನಗಾಡುತ್ತಿದ್ದ ನಮ್ಮ ಯಜಮಾನರು ಗುಡಿಯ ಕಡೆ ತಿರುಗಿ ಟಾರಿನ ಮೇಲೆಯೇ ಅಡ್ಡಬಿದ್ದರು. ಬಹಳ ಹೊತ್ತು ಏಳಲಿಲ್ಲ.

ತಾಯೀ, ಬಿಡು ಬಿಡು ಅಂತ ನಾನು ಅಷ್ಟು ಬೈದರೂ ನೀನು ಬಿಡಲಿಲ್ಲವಲ್ಲ.